ಕಡಲಿಲ್ಲದ ಸಮುದ್ರಕ್ಕೆ ಬರುವ ಹಕ್ಕಿಗಳು

ಪುಷ್ಯಮಾಸದ ಬೆಳಗಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹರಡಿರುವ ಬಯಲಿನ ಯಾವುದಾದರೊಂದು ಕೆರೆಯ ಏರಿಯ ಮೇಲೆ ನಿಂತು ನೋಡುವವನ ಕಣ್ಣಿಗೆ ಮೊದಲು ಬೀಳುವುದು ನೀರಿಗಿಂತ ಹೆಚ್ಚಾಗಿ ಕೆಸರು. ಹಿಂಗಾರಿನ ಕೊನೆಯ ಮಳೆ ಮುಗಿದಂದಿನಿಂದ ನೀರು ಗೇಣುಗೇಣಾಗಿ ಹಿಂದೆ ಸರಿದು, ಬಿಟ್ಟುಹೋದ ಅಂಚಿನಲ್ಲಿ ಕುರಿಗಳ ಗೊರಸಿನ ಗುರುತುಗಳೂ ಬಳ್ಳಾರಿ ಜಾಲಿಯ ಉದುರಿದ ಕಾಯಿಗಳೂ ಒಟ್ಟಿಗೆ ಒಣಗುತ್ತಿರುತ್ತವೆ. ಕರಿಕಂಬಳಿ ಹೊದ್ದ ಕುರಿಗಾಹಿಯೊಬ್ಬನು ಬಿಸಿಲು ಕಾಯಿಸುತ್ತ ಕುಕ್ಕರಗಾಲಿನಲ್ಲಿ ಕುಳಿತಿರುವನು. ಅವನಿಂದ ಇಪ್ಪತ್ತು ಮಾರು ದೂರದಲ್ಲಿ, ಗುಬ್ಬಿಗಿಂತ ಹೆಚ್ಚೇನೂ ದೊಡ್ಡವಲ್ಲದ ಬೂದುಗಂದು ಬಣ್ಣದ ಹತ್ತಾರು ಹಕ್ಕಿಗಳು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡುತ್ತ ಕೆಸರನ್ನು ಕುಟುಕುತ್ತಿರುತ್ತವೆ.

ಕುರಿಗಾಹಿಯ ಪಾಲಿಗೆ ಅವು ಬರಿಯ ನೀರುಹಕ್ಕಿಗಳು. ಪಕ್ಷಿಶಾಸ್ತ್ರಜ್ಞರು ಅವುಗಳನ್ನು ಲಿಟಲ್ ಸ್ಟಿಂಟ್ ಎಂದು ಕರೆಯುವರು. ಉಲ್ಲಂಕಿಗಳ ಬಳಗದಲ್ಲಿ ಇವು ಅತಿ ಸಣ್ಣವುಗಳ ಸಾಲಿಗೆ ಸೇರಿದವು, ತೂಕ ಎರಡು ತೊಲದ ಆಸುಪಾಸು. ಇಷ್ಟು ಹಗುರವಾದ ಈ ಜೀವಿಗಳು ಮೊಟ್ಟೆಯೊಡೆದು ಹೊರಬಂದುದು ಮರವೆಂಬುದೇ ಬೆಳೆಯದ ಉತ್ತರಧ್ರುವದ ನೆರೆಯ ಟುಂಡ್ರಾ ಪ್ರದೇಶದಲ್ಲಿ. ಪುಸ್ತಕಗಳು ಇವನ್ನು ದಂಡೆಯ ಹಕ್ಕಿಗಳ ವರ್ಗದಲ್ಲಿ ಸೇರಿಸುತ್ತವೆ: ಕಡಲ ಅಂಚು, ಅಳಿವೆ, ಉಪ್ಪುಕೆಸರು ಇವುಗಳ ಚಳಿಗಾಲದ ಬೀಡು. ಚಳ್ಳಕೆರೆಗೂ ಅರಬ್ಬೀ ಸಮುದ್ರಕ್ಕೂ ನಡುವೆಯಾದರೋ ಸಹ್ಯಾದ್ರಿ ಅಡ್ಡಲಾಗಿ ನಿಂತಿದೆ. ಹಾಗಾದರೆ ಈ ಹಕ್ಕಿಗಳಿಗೆ ಇಲ್ಲೇನು ಕೆಲಸ?

ಹೆಸರಿನಲ್ಲಿ ಉಳಿದ ಕಡಲು

ಈ ಸೀಮೆಯ ಗೌರಸಮುದ್ರ ನಾಡಿಗೆಲ್ಲ ಪರಿಚಿತವಾಗಿರುವುದು ಮಾರಮ್ಮನ ಜಾತ್ರೆಯಿಂದ. ಮಳೆಗಾಲದ ಕೊನೆಗೆ, ಭಾದ್ರಪದ ಹುಟ್ಟುವ ಹೊತ್ತಿಗೆ, ದೇವಿಯನ್ನು ಊರ ಹೊರಗಿನ ತುಮಲು ಎಂಬ ಜಾಗಕ್ಕೆ ಕರೆತರುವ ದಿನ ಸುತ್ತಲಿನ ತಾಲ್ಲೂಕುಗಳಿಂದಲೂ ನೆರೆಯ ಆಂಧ್ರದಿಂದಲೂ ಬಂದು ಸೇರುವ ಭಕ್ತರನ್ನು ನೋಡಿದರೆ, ಜನಸಮುದ್ರವೆಂಬ ಮಾತು ಅಲಂಕಾರವಾಗಿ ತೋರುವುದಿಲ್ಲ. ಆದರೆ ವರ್ಷದ ಮಿಕ್ಕ ದಿನಗಳಲ್ಲಿ ಈ ಹೆಸರಿನೊಳಗಿನ ಸಮುದ್ರ ಯಾವುದು?

ಕನ್ನಡ ನಾಡಿನ ಒಳಪ್ರದೇಶಗಳಲ್ಲಿ ಸಮುದ್ರವೆಂದರೆ ಕೆರೆ. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಆ ಹೆಸರು ಬಂದುದು ಅಲ್ಲಿನ ಹಿರಿಯ ಕೆರೆಯಿಂದ; ಬೆಂಗಳೂರಿನ ಸುತ್ತಣ ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ವೂ ಬಾಯಿಂದ ಬಾಯಿಗೆ ಸವೆದ ಸಮುದ್ರವೇ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಆ ಮಳೆಯೂ ಬರುವುದೋ ಬಾರದೋ ಎಂಬ ಸಂದೇಹದಲ್ಲೇ ಬಿತ್ತಬೇಕಾದ ಸೀಮೆಯವರು, ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ, ಹರಿದುಹೋಗುವ ನೀರನ್ನು ನಾಲ್ಕು ತಿಂಗಳ ಮಟ್ಟಿಗೆ ಹಿಡಿದಿಟ್ಟಾಗ ಅದರಲ್ಲಿ ಕಡಲನ್ನೇ ಕಂಡರು. ಇದನ್ನು ಉತ್ಪ್ರೇಕ್ಷೆಯೆಂದು ನಗುವುದಕ್ಕೆ ಮೊದಲು, ಹಕ್ಕಿಗಳೂ ಹಾಗೆಯೇ ತಿಳಿದಿವೆ ಎಂಬುದನ್ನು ನೆನೆಯಬೇಕು.

2024ರ ಜನವರಿಯಲ್ಲಿ ಕರ್ನಾಟಕದ ಮೂರು ಜಲತಾಣಗಳು ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ಪಟ್ಟಿಗೆ ಒಟ್ಟಿಗೆ ಸೇರಿದುವು. ಅವುಗಳಲ್ಲಿ ಒಂದು ನಿಜವಾದ ಕಡಲಂಚು, ಉತ್ತರ ಕನ್ನಡದ ಅಘನಾಶಿನಿಯ ಅಳಿವೆ. ಅದರ ವಿಸ್ತಾರ 4,801 ಹೆಕ್ಟೇರು. ಮಿಕ್ಕ ಎರಡೂ ಬಯಲುಸೀಮೆಯ ಕೆರೆಗಳು: ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅಂಕಸಮುದ್ರದ ವಿಸ್ತಾರ ನೂರು ಹೆಕ್ಟೇರು ಕೂಡ ತುಂಬದು. ನೀರಾವರಿಗೆಂದು ಮನುಷ್ಯರು ಕಟ್ಟಿದ ಆ ಚಿಕ್ಕ ‘ಸಮುದ್ರ’, ಸಾಕ್ಷಾತ್ ಸಮುದ್ರದ ಅಳಿವೆಯ ಪಕ್ಕದಲ್ಲಿ ಸರಿಸಮನಾಗಿ ಕುಳಿತಿರುವುದು ಹಳೆಯ ಹೆಸರಿಟ್ಟವರಿಗೆ ಸಂದ ಗೌರವವೆಂದೇ ನನ್ನ ಭಾವನೆ.

ಬಂಡೆಯನ್ನು ಓದಿದವರು

ಕೆರೆಯ ಕಥೆ ತಿಳಿಯಬೇಕಾದರೆ ಅದರ ತಳದ ಕಲ್ಲಿನ ಕಥೆ ತಿಳಿದಿರಬೇಕು. ಈಸ್ಟ್ ಇಂಡಿಯಾ ಕಂಪೆನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಚಿತ್ರದುರ್ಗ, ಹಿರಿಯೂರುಗಳ ಮಾರ್ಗವಾಗಿ ಹೋದಾಗ ಮಣ್ಣು, ನೀರು, ಬೆಳೆ, ಜಾನುವಾರುಗಳನ್ನು ಒಂದೇ ದಿನಚರಿಯಲ್ಲಿ ಬರೆದಿಟ್ಟನು. ವಿಷಯಕ್ಕೊಂದು ಇಲಾಖೆಯೆಂಬ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭೂವಿಜ್ಞಾನಿ ಬ್ರೂಸ್ ಫೂಟ್ ಈ ಪ್ರಾಂತದ ಹಸುರುಕಪ್ಪು ಪದರಶಿಲೆಗಳಿಗೆ ‘ಧಾರವಾಡ’ದ ಹೆಸರಿಟ್ಟನು, ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ಗ್ರಂಥ 1895ರಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತ್ತು.

ಇವರೆಲ್ಲರ ನಡಿಗೆಯಿಂದಲೂ ಮುಂದಿನವರ ಅಧ್ಯಯನದಿಂದಲೂ ತಿಳಿದುಬಂದುದಿಷ್ಟು. ಪಶ್ಚಿಮಕ್ಕೆ ಚಿತ್ರದುರ್ಗದ ಪದರಶಿಲೆಗಳ ಪಟ್ಟಿ. ಚಳ್ಳಕೆರೆಯ ಬಯಲಿನ ತಳದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಜಾತಿಯದೇ ಆದ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ, ಬಿಳಿಕರಿ ಗೆರೆಗಳ ನೈಸ್ ಶಿಲೆ. ಪೂರ್ವಕ್ಕೆ, ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ದ್ರವರೂಪದಲ್ಲಿ ಮೇಲೇರಿ ಹೆಪ್ಪುಗಟ್ಟಿದ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ. ಕ್ಲೋಸ್‌ಪೇಟೆಯೆಂದರೆ ಇಂದಿನ ರಾಮನಗರ. ಅಲ್ಲಿ ‘ಶೋಲೆ’ ಚಿತ್ರದ ಹಿನ್ನೆಲೆಯಾಗಿ ನಿಂತ ಬಂಡೆಗಳು ಪಾವಗಡ, ಮೊಳಕಾಲ್ಮೂರು, ರಾಯದುರ್ಗಗಳ ಗುಡ್ಡಗಳ ಮೂಲಕ ಬಳ್ಳಾರಿಯ ಕಡೆಗೆ ಸಾಗುತ್ತವೆ. ಹಂಪೆಯ ಕಲ್ಲುಗುಂಡುಗಳೂ ಇದೇ ಪಟ್ಟಿಯ ಉತ್ತರದ ಭಾಗವೆಂದು ಪರಿಗಣಿತವಾಗಿವೆ. ಉದ್ದ ಸುಮಾರು ನಾನೂರು ಕಿಲೋಮೀಟರು. ಅಗಲವೋ ಒಂದು ದಿನದ ಕಾಲ್ನಡಿಗೆಯಷ್ಟು. 1950ರ ದಶಕದಲ್ಲಿ ಈ ಪಟ್ಟಿಯನ್ನು ವಿವರವಾಗಿ ಅಭ್ಯಸಿಸಿದವರು, ಮುಂದೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾದ ಬಿ.ಪಿ. ರಾಧಾಕೃಷ್ಣ. ಕಲ್ಲಿನಿಂದ ಆರಂಭಿಸಿದ ಅವರು ಕ್ರಮೇಣ ಅಂತರ್ಜಲದ ಚಿಂತೆಗೆ ತಿರುಗಿದುದು ಈ ನಾಡಿನ ಸ್ಥಿತಿಯನ್ನು ಬಲ್ಲವರಿಗೆ ಆಶ್ಚರ್ಯವಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದವರು ಕಲ್ಲಿನ ಗಟ್ಟಿತನವನ್ನು ಕಣ್ಣಾರೆ ಕಾಣಬಹುದು. ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ ಅಲ್ಲಿದೆ. ಪಠ್ಯವೆಲ್ಲ ಬ್ರಾಹ್ಮಿಯಲ್ಲಿ, ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಅಂಕಿತದಲ್ಲಿ ಮಾತ್ರ, ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ದೇಶದ ಖರೋಷ್ಠಿ ಅಕ್ಷರಗಳು ಇಣುಕುತ್ತವೆ. ಎರಡು ಸಾವಿರ ವರ್ಷಗಳ ಮಳೆಬಿಸಿಲು ಆ ಅಕ್ಷರಗಳನ್ನು ಪೂರ್ತಿ ಅಳಿಸಲಾರದೆ ಹೋಯಿತು. ಕಲ್ಲು ಕರಗುವುದಿಲ್ಲವೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಆದರೆ ಕಲ್ಲು ಕರಗುತ್ತದೆ. ನೆಲದ ಮೇಲೆ ನಿಧಾನವಾಗಿ, ನೆಲದ ಕೆಳಗೆ ಬೇರೊಂದು ರೀತಿಯಲ್ಲಿ.

ರುಚಿಯಿಲ್ಲದ ದೋಷ

ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರಿನ್ ಅಂಶವುಳ್ಳ ಖನಿಜಗಳಿವೆ: ಫ್ಲೋರೈಟು, ಅಪಟೈಟು, ಕರಿಯ ಅಭ್ರಕ. ಬಿದ್ದ ಮಳೆ ಗರಸಿನೊಳಗೆ ಇಳಿದು, ಬಂಡೆಯ ಬಿರುಕುಗಳನ್ನು ಸೇರಿ, ಅಲ್ಲಿ ವರ್ಷಾನುಗಟ್ಟಲೆ ನಿಂತಾಗ ಈ ಖನಿಜಗಳಿಂದ ಫ್ಲೋರೈಡು ಬಿಡಿಬಿಡಿಯಾಗಿ ನೀರಿಗೆ ಇಳಿಯುತ್ತದೆ. ನೀರು ಕ್ಷಾರಗುಣದ್ದಾಗಿದ್ದು ಅದರಲ್ಲಿ ಸುಣ್ಣದ ಅಂಶ ಕಡಮೆಯಿದ್ದರಂತೂ ಇಳಿದುದು ಇಳಿದಂತೆಯೇ ಉಳಿಯುತ್ತದೆ. ಸುಣ್ಣ ಯಥೇಚ್ಛವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಮತ್ತೆ ಹರಳುಗಟ್ಟಿಸುತ್ತಿತ್ತು. ಬಿಸಿಲಿಗೆ ಆವಿಯಾಗಿ ನೀರು ಇಂಗಿದಷ್ಟೂ ಉಳಿದದ್ದರ ಸಾಂದ್ರತೆ ಏರುತ್ತದೆ. ಮಳೆ ಕಡಮೆ, ಬಿಸಿಲು ಹೆಚ್ಚು, ತಳದಲ್ಲಿ ಗ್ರಾನೈಟು ಜಾತಿಯ ಶಿಲೆ: ಚಳ್ಳಕೆರೆ, ಮೊಳಕಾಲ್ಮೂರು, ನೆರೆಯ ಪಾವಗಡಗಳಲ್ಲಿ ಈ ಮೂರೂ ಕೂಡಿಬಂದಿವೆ.

ಹಳ್ಳಿಯವರು ನೀರನ್ನು ನಾಲಗೆಯಿಂದ ವಿಂಗಡಿಸುತ್ತಾರೆ: ಸಿಹಿನೀರು, ಸಪ್ಪೆ ನೀರು, ಸವಳು ನೀರು. ಬೇಳೆ ಬೇಯದಿದ್ದರೆ, ಸೋಪು ನೊರೆಗಟ್ಟದಿದ್ದರೆ ಅದು ಗಡಸು ನೀರು. ಅನೇಕ ತಲೆಮಾರುಗಳ ಅನುಭವದಿಂದ ಬಂದ ಈ ವಿಂಗಡಣೆಯೆಲ್ಲ ಸರಿಯೇ. ಆದರೆ ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಬಾಯಿಗೆ ಬಲು ಸಿಹಿಯೆನಿಸಿದ ಬೋರ್‌ವೆಲ್ಲಿನ ನೀರಿನಲ್ಲಿಯೇ ಅದು ಮಿತಿಮೀರಿ ಇರಬಹುದು. ಕಾಯಿಸಿದರೆ ಹೋಗದು, ನೀರು ಬತ್ತುವುದರಿಂದ ತುಸು ಹೆಚ್ಚೇ ಆದೀತು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಮು ಒಪ್ಪತಕ್ಕ ಪ್ರಮಾಣ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು.

ಮಿತಿ ಮೀರಿದುದನ್ನು ಮೊದಲು ಹೇಳುವುದು ಮಕ್ಕಳ ಹಲ್ಲು. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಗೆರೆಗಳು, ಆಮೇಲೆ ಕಂದು ಕಾರೆ. ಉಜ್ಜಿದರೆ ಹೋಗುವುದಿಲ್ಲ, ಏಕೆಂದರೆ ಅದು ಹಲ್ಲಿನ ಮೇಲಿನ ಕೊಳೆಯಲ್ಲ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಆದ ಕೊರತೆ. ದೀರ್ಘಕಾಲ ಕುಡಿದವರಲ್ಲಿ ಸೊಂಟ, ಕುತ್ತಿಗೆ, ಮೊಣಕಾಲುಗಳು ಬಿಗಿಯುತ್ತವೆ. ಅದನ್ನು ಮುಪ್ಪಿನ ವಾಯುವೆಂದು ತಳ್ಳಿಹಾಕುವುದೇ ರೂಢಿ. ನಮ್ಮ ದೇಶದಲ್ಲಿ ಈ ವ್ಯಾಧಿಯನ್ನು ವೈದ್ಯರು ಮೊದಲು ವರದಿಮಾಡಿದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರಿನ ಕಡೆ.

ತೆರೆದ ಬಾವಿಯ ಕಾಲದಲ್ಲಿ ಜನ ಕುಡಿಯುತ್ತಿದ್ದುದು ಮೇಲುಪದರದ, ಕಳೆದ ವರ್ಷ ಎರಡು ವರ್ಷಗಳ ಮಳೆಯ ನೀರನ್ನು. ಬೋರ್‌ವೆಲ್ಲು ನೂರಾರು ಅಡಿ ಆಳಕ್ಕಿಳಿದಂತೆಲ್ಲ ಕಲ್ಲಿನೊಡನೆ ಬಹುಕಾಲ ಸಹವಾಸ ಮಾಡಿದ ಹಳೆಯ ನೀರು ಮೇಲಕ್ಕೆ ಬಂದಿತು. ಸಹವಾಸದ ಗುಣ ನೀರಿಗೂ ತಪ್ಪಿದ್ದಲ್ಲ.

ಒಂದು ಬಾಟಲಿ ತುಂಬುವ ಕ್ರಮ

ಕ್ಷೇತ್ರಾಧ್ಯಯನವೆಂದರೆ ದೊಡ್ಡ ಯಂತ್ರಗಳ ಕೆಲಸವೆಂದು ಭಾವಿಸುವವರು ನೀರಿನ ಮಾದರಿ ತೆಗೆಯುವುದನ್ನು ಒಮ್ಮೆ ನೋಡಬೇಕು. ಬೋರ್‌ವೆಲ್ಲಿನ ಮೋಟರು ಹಾಕಿದೊಡನೆ ಬರುವ ನೀರನ್ನು ಹಿಡಿಯುವಂತಿಲ್ಲ. ಅದು ಕೊಳವೆಯಲ್ಲಿ ನಿಂತ ನೀರು. ಕೆಲವು ನಿಮಿಷ ಹರಿಯಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಕುಲುಕಿ ಚೆಲ್ಲಿ, ಅನಂತರ ತುಂಬಬೇಕು. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು. ಫ್ಲೋರೈಡು ಗಾಜಿಗೆ ಅಂಟಿಕೊಳ್ಳುವ ಸ್ವಭಾವದ್ದು. ಊರು, ದಿನಾಂಕ, ಬಾವಿಯ ಆಳ, ಕೆರೆಯಿಂದ ಅದರ ದೂರ ಇವಿಷ್ಟನ್ನು ಚೀಟಿಯ ಮೇಲೆ ಬರೆಯದಿದ್ದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಪರೀಕ್ಷೆಯ ಒಂದು ಕ್ರಮ ನೋಡುವುದಕ್ಕೂ ಸೊಗಸು. ಜಿರ್ಕೋನಿಯಂ ಎಂಬ ಲೋಹದೊಡನೆ ಕೂಡಿದ ಕೆಂಪು ರಂಗನ್ನು ನೀರಿಗೆ ಹಾಕುತ್ತಾರೆ. ಫ್ಲೋರೈಡು ಆ ಲೋಹವನ್ನು ರಂಗಿನಿಂದ ಬೇರ್ಪಡಿಸಿ ತನ್ನೆಡೆಗೆ ಸೆಳೆದುಕೊಳ್ಳುವುದರಿಂದ, ಫ್ಲೋರೈಡು ಹೆಚ್ಚಿದ್ದಷ್ಟೂ ಕೆಂಪು ಮಸುಕಾಗುತ್ತದೆ. ಎಷ್ಟು ಮಸುಕಾಯಿತೆಂಬುದನ್ನು ಅಳೆದರೆ ಎಷ್ಟು ಫ್ಲೋರೈಡಿದೆಯೆಂಬುದು ತಿಳಿಯುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಊರೂರಿನ ಐವರು ಹೆಣ್ಣುಮಕ್ಕಳಿಗೆ ಪರೀಕ್ಷಾ ಪೆಟ್ಟಿಗೆಯನ್ನು ಬಳಸುವ ಶಿಕ್ಷಣ ಕೊಡುವ ಏರ್ಪಾಟಿದೆ. ಇದು ಒಳ್ಳೆಯ ಯೋಚನೆ. ಆದರೆ ಒಂದು ಸಲದ ಪರೀಕ್ಷೆಯಿಂದ ಪ್ರಯೋಜನ ಅಲ್ಪ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಹೀಗೆ ವರ್ಷ ವರ್ಷವೂ ಅದೇ ಬಾವಿಯ ನೀರನ್ನು ನೋಡಿದರೆ ಮಾತ್ರ ನೆಲ ಏನು ಹೇಳುತ್ತಿದೆಯೆಂಬುದು ಸ್ಪಷ್ಟವಾಗುವುದು.

ಈಗ ಊರೂರಿಗೂ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದಿವೆ. ತುಂಗಭದ್ರೆಯ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ತರುವ ಯೋಜನೆಯೂ ಉಂಟು. ಘಟಕಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು: ಅವು ಫ್ಲೋರೈಡನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತವೆ ಅಷ್ಟೆ. ಕ್ಯಾನಿಗೆ ಸೇರದೆ ಹೊರಬಿದ್ದ ನೀರಿನಲ್ಲಿ ಅದು ಇಮ್ಮಡಿಯಾಗಿ ನಿಂತಿರುತ್ತದೆ, ಮತ್ತು ಆ ನೀರು ಸಾಮಾನ್ಯವಾಗಿ ಪಕ್ಕದ ಚರಂಡಿಗೆ ಹೋಗುತ್ತದೆ.

ಕೆರೆ ತುಂಬಿದ ವರ್ಷ

ಫ್ಲೋರೈಡಿಗೆ ಬಲ್ಲವರು ಹೇಳುವ ಹಳೆಯ ಮದ್ದು ಮಳೆಯ ನೀರೇ. ಕೆರೆ ತುಂಬಿ, ನೀರು ನೆಲಕ್ಕಿಳಿದು, ಬಾವಿಗಳ ಹಳೆಯ ನೀರಿನೊಡನೆ ಬೆರೆತರೆ ಸಾಂದ್ರತೆ ತಗ್ಗುವ ಸಂಭವವಿದೆ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಆ ಅಂತರವೇ ಈ ಸೀಮೆಯ ಮಳೆಯ ಸ್ವಭಾವವನ್ನು ಹೇಳುತ್ತದೆ. ಹಾಗೆ ಕೋಡಿ ಬಿದ್ದ ವರ್ಷಗಳಲ್ಲಿ ವೇದಾವತಿಯಲ್ಲಿ ಬಂದ ನೀರು, ಸಣ್ಣ ಕೆರೆಗಳು ಹಿಡಿದ ನೀರು, ಬಾವಿಗಳ ಗುಣದ ಬದಲಾವಣೆ, ಬಂದ ಹಕ್ಕಿಗಳ ಸಂಖ್ಯೆ ಈ ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಬರೆದಿಡುವುದು ನಿಜವಾದ ಅಧ್ಯಯನ. ಕಲ್ಲಿಗೊಂದು ಇಲಾಖೆ, ನೀರಿಗೊಂದು, ಹಕ್ಕಿಗೊಂದು ಎಂದು ಹಂಚಿಕೊಂಡಿರುವ ನಮಗೆ ಬುಕಾನನನ ದಿನಚರಿ ನೆನಪಾಗಬೇಕಾದುದು ಇಲ್ಲಿ.

ಹಕ್ಕಿಗಳು ಫ್ಲೋರೈಡಿನ ಸುದ್ದಿ ಹೇಳಲಾರವು; ಆದರೆ ಕೆರೆಯ ಆಕಾರದ ಸುದ್ದಿಯನ್ನು ತಪ್ಪದೆ ಹೇಳುತ್ತವೆ. ಉಲ್ಲಂಕಿಗೆ ಬೇಕಾದುದು ಎರಡು ಬೆರಳು ನೀರಿನ ಕೆಸರಂಚು, ಅದರೊಳಗಿನ ಹುಳು. ಮೆಟ್ಟುಗಾಲು ಹಕ್ಕಿ ತನ್ನ ಕೆಂಪು ಕಾಲಿನ ಉದ್ದಕ್ಕೆ ತಕ್ಕಂತೆ ತುಸು ಒಳಗೆ ಹೋಗುವುದು. ಬಣ್ಣದ ಕೊಕ್ಕರೆ ಇನ್ನೂ ಒಳಗೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಹಗಲೆಲ್ಲ ನೀರಿನಲ್ಲಿ ತೇಲಿಕೊಂಡಿದ್ದು ಇರುಳು ಹೊಲಗಳಿಗೆ ಮೇಯಲು ಹೋಗುವುದು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದುದರಿಂದ ಅವುಗಳ ದಾರಿ ನಮಗೆ ತಿಳಿಯಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿ ನಡೆಸಿ, ಅದರ ಫಲವನ್ನು 1940ರ ದಶಕದಲ್ಲಿ ಪ್ರಕಟಿಸಿದಾಗ ಇಂಥ ಅನುಕೂಲಗಳಿರಲಿಲ್ಲ.

ಈಗ ಹೂಳೆತ್ತುವುದೆಂದರೆ ಜೆಸಿಬಿ ಇಳಿಸಿ, ಗೋಡೆಯಂತೆ ನೇರವಾಗಿ ಕಡಿದ ಗುಂಡಿಗಳನ್ನು ತೋಡುವುದೆಂದಾಗಿದೆ. ಗುಂಡಿಯಲ್ಲಿ ನೀರು ಹೆಚ್ಚು ದಿನ ನಿಲ್ಲಬಹುದು, ನಿಜ. ಆದರೆ ಅಂಚು ಇಳಿಜಾರಾಗಿಲ್ಲದ ಕೆರೆಯಲ್ಲಿ ಉಲ್ಲಂಕಿಗೆ ಕಾಲಿಡಲು ಜಾಗವಿಲ್ಲ, ಕುರಿಗೆ ನೀರು ಕುಡಿಯಲು ದಾರಿಯಿಲ್ಲ, ಈಜಲಿಳಿದ ಹುಡುಗನಿಗೆ ಮರಳಿ ಹತ್ತಲು ಆಸರೆಯಿಲ್ಲ. ಹೂಳನ್ನು ತೆಳುವಾಗಿ, ಹರವಾಗಿ ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದ ಹಳೆಯ ಪದ್ಧತಿಯೇ ಮೇಲೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಕಾವಲಿನ ಹೊಸ ನೆರೆಯವರು

ಕೆರೆಯಾಚೆಗಿನ ಬಯಲು ಅಮೃತಮಹಲ್ ಕಾವಲು. ದನಗಳ ಮೇವಿಗೆಂದು ಮೈಸೂರು ಸಂಸ್ಥಾನ ಕಾಪಾಡಿಕೊಂಡು ಬಂದ ಈ ಹುಲ್ಲುಗಾವಲುಗಳು ಇಲ್ಲಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳಿಗೂ ಕುರಿಹಿಂಡುಗಳಿಗೂ ಕೃಷ್ಣಮೃಗಗಳಿಗೂ ಆಶ್ರಯ. ಇಂಥ ಬಯಲಿನ ರಾಜನೆನಿಸಿದ ಎರ್ಲಡ್ಡು ಹಕ್ಕಿ ಇಂದು ಇಡೀ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಕಂದಾಯದ ಕಡತಗಳಲ್ಲಿ ಹುಲ್ಲುಬಯಲು ‘ಬೀಳು’ ಎನಿಸಿಕೊಂಡದ್ದೇ ಅದರ ಅನರ್ಥಕ್ಕೆ ಮೂಲ.

ಚಳ್ಳಕೆರೆಯ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500, ಇಸ್ರೋಗೆ 573 ಎಕರೆ ಕೊಡಲಾಯಿತು. ಗೋಮಾಳ ಕಳೆದುಕೊಂಡವರ ದೂರು 2013ರಲ್ಲಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಬಂದಿತು. ಅನಂತರ ಕಾವಲಿನಲ್ಲಿ ವಿಮಾನ ಪರೀಕ್ಷೆಯ ಓಡುದಾರಿ ಸಿದ್ಧವಾಗಿ, 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಕೆಳಬಿಟ್ಟ ಇಸ್ರೋದ ರೆಕ್ಕೆಯ ನೌಕೆ ತಾನಾಗಿ ಬಂದು ಅದರ ಮೇಲಿಳಿಯಿತು. ವಿಜ್ಞಾನ ಸಂಸ್ಥೆಯವರು ಅಲ್ಲಿನ ತಮ್ಮ ವೀಕ್ಷಣಾಲಯದಲ್ಲಿ ಗಾಳಿಯ ಧೂಳು, ಬಿಸಿಲು, ಹವೆಗಳನ್ನು ಅಳೆಯುತ್ತಿದ್ದಾರೆ. ಆಕಾಶವನ್ನು ಇಷ್ಟು ಶ್ರದ್ಧೆಯಿಂದ ಅಳೆಯುವ ಸೀಮೆಯಲ್ಲಿ, ಬೇಲಿಯಾಚೆಯ ಬಾವಿಯನ್ನೂ ಕೆರೆಯಂಚನ್ನೂ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ವರ್ಷಗಳ ಕಾಲ ಅಳೆಯಬೇಕೆಂದು ಕೇಳುವುದು ಅತಿಯಾಸೆಯಾಗದು.

ಅದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಏಷ್ಯದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆಯುತ್ತಿದೆ. ಅದರಲ್ಲಿ ಎಣಿಸುವವರು ಬಹುಮಟ್ಟಿಗೆ ಉಪಾಧ್ಯಾಯರು, ವಿದ್ಯಾರ್ಥಿಗಳು, ಹವ್ಯಾಸಿಗಳು. ಬರುವ ಜನವರಿಯಲ್ಲಿ ನಿಮ್ಮೂರ ಕೆರೆಯ ಏರಿಗೆ ಹೋಗುವಾಗ ದುರ್ಬೀನಿನೊಡನೆ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ಹಿಡಿದುಕೊಂಡು ಹೋಗಿ. ಹಕ್ಕಿಗಳನ್ನು ಎಣಿಸಿದ ಮೇಲೆ ಹತ್ತಿರದ ಬೋರ್‌ವೆಲ್ಲಿನ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಮೂರು ಸಲ ಕುಲುಕಿ ಚೆಲ್ಲಿ ತುಂಬಿ, ಊರು, ದಿನಾಂಕ, ಬಾವಿಯ ಆಳ, ಕೆರೆಯಿಂದ ಅದರ ದೂರ ಇವಿಷ್ಟನ್ನೂ ಚೀಟಿಯ ಮೇಲೆ ಬರೆದು, ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ.